ಸೋಲುತ್ತಿರುವ ತಂಡ ತನ್ನ ತಾರೆಯನ್ನೇ ಕೊಟ್ಟುಬಿಟ್ಟಾಗ: ಐಸ್ ಹಾಕಿಯ ಟ್ರೇಡ್ ಓದುವ ಬಗೆ

2018ರ ಸೆಪ್ಟೆಂಬರ್ 13, ಗುರುವಾರ. ಒಟ್ಟಾವಾದಲ್ಲಿ ಮಗಳ ಶಾಲೆಯ ಮುಂದೆ ಕಾರಿನಲ್ಲಿ ಕೂತು ಶಾಲೆ ಬಿಡುವುದನ್ನು ಕಾಯುತ್ತಿದ್ದೆ. ರೇಡಿಯೋದಲ್ಲಿ ಸುದ್ದಿ ಬಂತು: ಎರಿಕ್ ಕಾರ್ಲ್‌ಸನ್ ಅವರನ್ನು ಸ್ಯಾನ್ ಹೋಸೆ ಶಾರ್ಕ್ಸ್‌ಗೆ ಕೊಟ್ಟುಬಿಟ್ಟಿದ್ದಾರೆ. ನಮ್ಮ ಒಟ್ಟಾವಾ ಸೆನೆಟರ್ಸ್ ತಂಡದ ನಾಯಕ. 2012 ಮತ್ತು 2015ರಲ್ಲಿ ನಾರಿಸ್ ಟ್ರೋಫಿ ಗೆದ್ದವರು. ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಕೊಡುವ ಪ್ರಶಸ್ತಿ ಅದು. ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್ 2008ರಲ್ಲಿ ನಡೆದದ್ದು ಇದೇ ಊರಲ್ಲಿ, 15ನೆಯವರಾಗಿ ಅವರ ಹೆಸರು ಕೂಗಿದ್ದು ಆಗಿನ ನಾಯಕ ಡೇನಿಯಲ್ ಆಲ್ಫ್ರೆಡ್‌ಸನ್. ಹತ್ತು ವರ್ಷ ನಮ್ಮ ಕಣ್ಣೆದುರೇ ಬೆಳೆದ ಹುಡುಗ. ಮಗಳು ಬಂದು ಹಿಂದಿನ ಸೀಟಲ್ಲಿ ಕೂತಳು. ಮೈಮೇಲೆ 65ನೇ ನಂಬರಿನ ಕೆಂಪು ಜೆರ್ಸಿ. ಸುದ್ದಿ ಅವಳಿಗೂ ಮುಟ್ಟಿತ್ತು. "ಮೊದಲೇ ಸೋಲ್ತಾ ಇದೀವಿ. ಇರೋ ಒಳ್ಳೆ ಪ್ಲೇಯರ್‌ನೂ ಕೊಟ್ಟುಬಿಟ್ರೆ ಗೆಲ್ಲೋದು ಹೇಗಮ್ಮ?" ಅಂದಳು.

ಆ ಸಂಜೆ ಅವಳಿಗೆ ಕೊಡಲು ನನ್ನ ಹತ್ತಿರ ಉತ್ತರವಿರಲಿಲ್ಲ. ನಾನು ಹುಟ್ಟಿದ್ದು ವಿರಾಜಪೇಟೆ ಹತ್ತಿರ. ನಮ್ಮಲ್ಲಿ ಹಾಕಿ ಅಂದರೆ ಮನೆತನದ ಮಾತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ ಒಂದೊಂದು ಒಕ್ಕವೂ ಒಂದೊಂದು ತಂಡ. ತಾತನೂ ಮೊಮ್ಮಗನೂ ಒಂದೇ ಬಣ್ಣದ ಅಂಗಿ ತೊಟ್ಟು ಒಟ್ಟಿಗೆ ಆಡಿದ್ದನ್ನು ನೋಡಿದ್ದೇನೆ. ಎಷ್ಟು ಕೆಟ್ಟದಾಗಿ ಸೋತರೂ ನಮ್ಮ ಸೆಂಟರ್ ಫಾರ್ವರ್ಡ್‌ನನ್ನು ಪಕ್ಕದ ಮನೆತನಕ್ಕೆ ಕೊಟ್ಟು ಅವರ ಇಬ್ಬರು ಹುಡುಗರನ್ನು ತರುವ ಮಾತೇ ಇಲ್ಲ. ಹಾಗೆ ಬೆಳೆದವಳಿಗೆ ಇದು ದ್ರೋಹದಂತೆ ಕಂಡಿತು. ಉದ್ಯೋಗದಲ್ಲಿ ನಾನು ಲೆಕ್ಕಪತ್ರದವಳು. ಸಿಟ್ಟು ಇಳಿದ ಮೇಲೆ ಕಾರ್ಲ್‌ಸನ್ ಅವರ ಒಪ್ಪಂದ, ಲೀಗಿನ ನಿಯಮ ಎಲ್ಲವನ್ನೂ ಹುಡುಕಿ ಓದತೊಡಗಿದೆ. ಅಂದಿನಿಂದ ಪ್ರತಿ ದೊಡ್ಡ ಟ್ರೇಡನ್ನೂ, ಅಂದರೆ ತಂಡಗಳ ನಡುವಿನ ಆಟಗಾರರ ಕೊಡುಕೊಳ್ಳುವಿಕೆಯನ್ನೂ, ಒಂದೇ ಕ್ರಮದಲ್ಲಿ ಓದುತ್ತೇನೆ. ಇಲ್ಲಿಗೆ ಹೊಸದಾಗಿ ಬಂದು ಮಕ್ಕಳ ಜೊತೆ ಆಟ ನೋಡಲು ಕೂತ ಕನ್ನಡದವರು ಫೋನ್ ಮಾಡಿ ಇದೇ ಪ್ರಶ್ನೆ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎರಡು ಮಾತು ನಿಯಮದ ಬಗ್ಗೆ. ಎನ್‌ಎಚ್‌ಎಲ್‌ನಲ್ಲಿ 32 ತಂಡಗಳಿವೆ. ನಮ್ಮ ಐಪಿಎಲ್ ಹಾಗೆ ಆಟಗಾರರನ್ನು ಹರಾಜು ಹಾಕುವುದಿಲ್ಲ. ಸಾಮಾನ್ಯವಾಗಿ ಹದಿನೆಂಟರ ಹುಡುಗರನ್ನು ಪ್ರತಿ ಬೇಸಿಗೆಯಲ್ಲಿ ಏಳು ಸುತ್ತಿನ ಡ್ರಾಫ್ಟ್‌ನಲ್ಲಿ ಸರದಿ ಪ್ರಕಾರ ಆರಿಸುತ್ತಾರೆ. ಕೆಳಗೆ ಉಳಿದ ತಂಡಕ್ಕೆ ಮುಂಚಿನ ಸರದಿ ಸಿಗುತ್ತದೆ, ಮೇಲಿನ ಸ್ಥಾನಗಳಿಗೆ ಮಾತ್ರ ಲಾಟರಿ ಎತ್ತುತ್ತಾರೆ. ಈ ಸರದಿಗೆ ಪಿಕ್ ಅನ್ನುತ್ತಾರೆ, ಮುಂದಿನ ವರ್ಷಗಳ ಪಿಕ್‌ಗಳನ್ನೂ ಈಗಲೇ ಬೇರೆ ತಂಡಕ್ಕೆ ಕೊಡಬಹುದು. ಸಂಬಳಕ್ಕೆ ಕಟ್ಟುನಿಟ್ಟಾದ ಮಿತಿ ಇದೆ, ಅದು ಕ್ಯಾಪ್. 2025-26ರ ಸೀಸನ್‌ಗೆ ಆ ಮಿತಿ 95.5 ಮಿಲಿಯನ್ ಡಾಲರ್. ಮಾಲೀಕರ ಜೇಬು ಎಷ್ಟೇ ತುಂಬಿರಲಿ, ಅದನ್ನು ಮೀರಿ ತಂಡ ಕಟ್ಟುವಂತಿಲ್ಲ. ಹಾಗಾಗಿ ದುಬಾರಿ ತಾರೆಯೊಬ್ಬ ಹೋದರೆ ಅವನ ಜಾಗದ ಜೊತೆಗೆ ಅವನ ಹಣದ ಪಾಲೂ ಖಾಲಿಯಾಗುತ್ತದೆ.

ಆಟಗಾರನಿಗಿಂತ ಮೊದಲು ಒಪ್ಪಂದ ನೋಡಿ

ಸುದ್ದಿ ಬಂದ ಕೂಡಲೇ ಎಲ್ಲರೂ ತಾರೆಯ ಗೋಲುಗಳ ವಿಡಿಯೋ ಹಾಕಿಕೊಂಡು ಕೂರುತ್ತಾರೆ. ನಾನು ಮೊದಲು ನೋಡುವುದು ಅವನ ಒಪ್ಪಂದವನ್ನು. ಇನ್ನು ಎಷ್ಟು ವರ್ಷ ಬಾಕಿ? ವರ್ಷಕ್ಕೆ ಕ್ಯಾಪ್‌ನಲ್ಲಿ ಎಷ್ಟು ತಿನ್ನುತ್ತದೆ? ತನ್ನ ಒಪ್ಪಿಗೆ ಇಲ್ಲದೆ ಎಲ್ಲಿಗೂ ಕಳಿಸುವಂತಿಲ್ಲ ಎಂಬ ನೋ-ಮೂವ್ ಷರತ್ತು ಇದೆಯೇ? ಈ ಮೂರಕ್ಕೆ ಉತ್ತರ ಸಿಕ್ಕರೆ ಟ್ರೇಡ್‌ನ ಅರ್ಧ ಕಾರಣ ಅಲ್ಲೇ ಸಿಗುತ್ತದೆ.

ಇದನ್ನು ಕಲಿಯಲು ಕಾರ್ಲ್‌ಸನ್ ಅವರಿಗಿಂತ ಒಳ್ಳೆಯ ಪಾಠ ಇಲ್ಲ. ಒಬ್ಬನೇ ಆಟಗಾರನನ್ನು ಸೋಲುತ್ತಿದ್ದ ಎರಡು ಬೇರೆ ಬೇರೆ ತಂಡಗಳು, ಐದು ವರ್ಷದ ಅಂತರದಲ್ಲಿ, ಪೂರ್ತಿ ಬೇರೆ ಬೇರೆ ಕಾರಣಕ್ಕೆ ಕೊಟ್ಟವು.

2018ರಲ್ಲಿ ಅವರಿಗೆ 28 ವರ್ಷ. ಏಳು ವರ್ಷದ ಒಪ್ಪಂದದಲ್ಲಿ ಉಳಿದದ್ದು ಒಂದೇ ಒಂದು ಸೀಸನ್, ಕ್ಯಾಪ್ ಲೆಕ್ಕದಲ್ಲಿ ವರ್ಷಕ್ಕೆ 6.5 ಮಿಲಿಯನ್. ಅವರ ಮಟ್ಟದ ಆಟಗಾರನಿಗೆ ಅದು ತೀರ ಅಗ್ಗ. ಹಿಂದಿನ ವರ್ಷ, 2017ರ ಮೇ ತಿಂಗಳಲ್ಲಿ, ಒಟ್ಟಾವಾ ಲೀಗಿನ ಪಟ್ಟವಾದ ಸ್ಟ್ಯಾನ್ಲಿ ಕಪ್‌ನ ಫೈನಲ್‌ಗೆ ಒಂದೇ ಒಂದು ಗೋಲು ದೂರದಲ್ಲಿತ್ತು. ಪಿಟ್ಸ್‌ಬರ್ಗ್‌ನಲ್ಲಿ ಏಳನೇ ಪಂದ್ಯ, ಎರಡನೇ ಓವರ್‌ಟೈಮ್, ಎದುರಾಳಿ ಕ್ರಿಸ್ ಕುನಿಟ್ಸ್ ಹೊಡೆದ ಗೋಲು. ಆ ಪ್ಲೇಆಫ್ ಪೂರ್ತಿ ಕಾರ್ಲ್‌ಸನ್ ಹಿಮ್ಮಡಿಯ ಮೂಳೆಯಲ್ಲಿ ಬಿರುಕು ಇಟ್ಟುಕೊಂಡೇ ಆಡಿದ್ದರು. ಆದರೆ ಮುಂದಿನ ಸೀಸನ್‌ನಲ್ಲಿ ತಂಡ ಕುಸಿದು ಅಂಕಪಟ್ಟಿಯಲ್ಲಿ 67 ಪಾಯಿಂಟ್‌ಗೆ ಇಳಿಯಿತು, ಆಗಿದ್ದ 31 ತಂಡಗಳಲ್ಲಿ 30ನೇ ಸ್ಥಾನ. ಒಪ್ಪಂದ ಮುಗಿದ ದಿನ ಕಾರ್ಲ್‌ಸನ್ ಸ್ವತಂತ್ರರು. ಆಗ ಎಲ್ಲಿಗೆ ಬೇಕಾದರೂ ಹೋಗಬಹುದು, ಒಟ್ಟಾವಾಕ್ಕೆ ಚಿಕ್ಕಾಸೂ ದಕ್ಕುವುದಿಲ್ಲ. ಇಂಥ ಕಡೆ ತಂಡದ ಮುಂದಿರುವ ಆಯ್ಕೆ "ಕಾರ್ಲ್‌ಸನ್ ಬೇಕೇ ಬೇಡವೇ" ಅನ್ನುವುದಾಗಿರಲೇ ಇಲ್ಲ. ಇನ್ನೊಂದು ಸೋಲಿನ ವರ್ಷ ಅವರನ್ನು ಇಟ್ಟುಕೊಂಡು ಕೊನೆಗೆ ಬರಿಗೈಯಲ್ಲಿ ನಿಲ್ಲುವುದು ಒಂದು ದಾರಿ, ಇವತ್ತೇ ಕೊಟ್ಟು ಏನಾದರೂ ಪಡೆಯುವುದು ಇನ್ನೊಂದು.

ಈಗ 2023ರ ಆಗಸ್ಟ್‌ಗೆ ಬನ್ನಿ. ಕಾರ್ಲ್‌ಸನ್‌ಗೆ 33. ಅದೇ ಸೀಸನ್‌ನಲ್ಲಿ 101 ಪಾಯಿಂಟ್ (ಆಟಗಾರನ ಲೆಕ್ಕದಲ್ಲಿ ಪಾಯಿಂಟ್ ಅಂದರೆ ತಾನು ಹೊಡೆದ ಗೋಲು, ಬೇರೆಯವರ ಗೋಲಿಗೆ ಕೊಟ್ಟ ನೆರವು ಎರಡೂ ಸೇರಿ) ಗಳಿಸಿ ಮೂರನೇ ನಾರಿಸ್ ಟ್ರೋಫಿ ಗೆದ್ದಿದ್ದರು. ಡಿಫೆನ್ಸ್ ಆಟಗಾರನೊಬ್ಬ ನೂರು ದಾಟಿದ್ದು 1991-92ರಲ್ಲಿ ಬ್ರಯನ್ ಲೀಚ್ ದಾಟಿದ ಮೇಲೆ ಅದೇ ಮೊದಲು. ಅಷ್ಟಾದರೂ ಸ್ಯಾನ್ ಹೋಸೆ 60 ಪಾಯಿಂಟ್‌ಗಳೊಂದಿಗೆ ತಳದ ಸಾಲಿನಲ್ಲಿ ಬಿದ್ದಿತ್ತು. 2019ರಲ್ಲಿ ಬರೆದುಕೊಟ್ಟ ಎಂಟು ವರ್ಷದ ಒಪ್ಪಂದದಲ್ಲಿ ಇನ್ನೂ ನಾಲ್ಕು ವರ್ಷ ಬಾಕಿ, ವರ್ಷಕ್ಕೆ 11.5 ಮಿಲಿಯನ್. ಆಗಿನ ಕ್ಯಾಪ್ 83.5 ಮಿಲಿಯನ್, ಒಬ್ಬರ ಹೆಸರಿನಲ್ಲೇ ಹೆಚ್ಚುಕಡಿಮೆ ಏಳನೇ ಒಂದು ಪಾಲು. ಒಟ್ಟಾವಾಕ್ಕೆ ಸಮಯ ಸಾಲದೆ ಬಂದ ಕಷ್ಟ, ಸ್ಯಾನ್ ಹೋಸೆಗೆ ಸಮಯ ಹೆಚ್ಚಾಗಿ ಬಂದ ಕಷ್ಟ. ಮೊದಲನೆಯದರಲ್ಲಿ ಕೊಳ್ಳುವವರು ಸಾಲುಗಟ್ಟುತ್ತಾರೆ. ಎರಡನೆಯದರಲ್ಲಿ ಕೊಡುವವನೇ ಕೈಯಿಂದ ಹಾಕಬೇಕು. ಸ್ಯಾನ್ ಹೋಸೆ ಹಾಗೇ ಮಾಡಿತು: ಪಿಟ್ಸ್‌ಬರ್ಗ್‌ಗೆ ಕಳಿಸುವಾಗ ವರ್ಷಕ್ಕೆ 1.5 ಮಿಲಿಯನ್ ತನ್ನ ಲೆಕ್ಕದಲ್ಲೇ ಉಳಿಸಿಕೊಂಡಿತು. ಇದಕ್ಕೆ ರಿಟೇನ್ ಮಾಡುವುದು ಅನ್ನುತ್ತಾರೆ. ಸಂಬಳದ ಅರ್ಧದವರೆಗೆ ಹೀಗೆ ಹೊರಬಹುದು, ಒಂದು ತಂಡ ಒಂದು ಸಮಯಕ್ಕೆ ಮೂರೇ ಒಪ್ಪಂದಗಳನ್ನು ಹೀಗೆ ಹೊರಬಹುದು. ಟ್ರೇಡ್ ಸುದ್ದಿಯ ಕೊನೆಯಲ್ಲಿ ಸಣ್ಣದಾಗಿ ಬರುವ ಈ ಸಾಲನ್ನು ಬಿಡದೆ ಓದಿ. ಯಾರು ಎಷ್ಟು ಇಕ್ಕಟ್ಟಿನಲ್ಲಿದ್ದರು ಅಂತ ಅದು ಹೇಳುತ್ತದೆ. ನೋ-ಮೂವ್ ಷರತ್ತು ಇದ್ದುದರಿಂದ ಎಲ್ಲಿಗೆ ಹೋಗಬೇಕು ಅನ್ನುವುದರಲ್ಲೂ ಕಾರ್ಲ್‌ಸನ್ ಮಾತೇ ಕೊನೆಯದಾಗಿತ್ತು.

ಎರಡು ವಯಸ್ಸು ಪಕ್ಕಪಕ್ಕ ಬರೆಯಿರಿ

ನಮ್ಮಪ್ಪ ಕಾಫಿ ಬೆಳೆಗಾರ. ನಾನು ಹೈಸ್ಕೂಲಿನಲ್ಲಿದ್ದಾಗ ಮನೆ ಹಿಂದಿನ ಪಟ್ಟೆಯ ರೊಬಸ್ಟಾ ಗಿಡಗಳನ್ನೆಲ್ಲ ತೆಗೆಸಿ ಹೊಸ ಸಸಿ ನೆಡಿಸಿದರು. ಅದರಲ್ಲಿ ಅರ್ಧ ಗಿಡ ಇನ್ನೂ ಚೆನ್ನಾಗಿಯೇ ಕಾಯುತ್ತಿದ್ದವು. ಅಮ್ಮ ಎರಡು ದಿನ ಮಾತು ಬಿಟ್ಟರು. ಅಪ್ಪ ಹೇಳಿದ್ದು ಇಷ್ಟು: ಇವು ಇನ್ನು ಮೂರ್ನಾಲ್ಕು ವರ್ಷ ಕಾಯ್ತವೆ, ಸುತ್ತ ಇರೋ ಸಸಿ ಫಸಲಿಗೆ ಬರೋಕೂ ಮೂರ್ನಾಲ್ಕು ವರ್ಷ ಬೇಕು, ಅಷ್ಟು ಹೊತ್ತಿಗೆ ಇವು ಮುಗಿದಿರ್ತವೆ. ಅವತ್ತು ಅರ್ಥವಾಗದ ಆ ಮಾತು ಹಾಕಿ ಓದುವಾಗ ಅರ್ಥವಾಯಿತು.

ಕಾಗದ ತೆಗೆದುಕೊಂಡು ಒಂದು ಕಡೆ ತಾರೆಯ ವಯಸ್ಸು ಬರೆಯಿರಿ. ಇನ್ನೊಂದು ಕಡೆ, ನಿಮ್ಮ ತಂಡ ನಿಜವಾಗಿಯೂ ಕಪ್‌ಗೆ ಸೆಣಸಬಲ್ಲ ವರ್ಷ ಯಾವುದು ಅಂತ ಮನಸ್ಸಿಗೆ ಮೋಸ ಮಾಡಿಕೊಳ್ಳದೆ ಬರೆಯಿರಿ. ಡ್ರಾಫ್ಟ್‌ನಲ್ಲಿ ಬಂದ ಹುಡುಗ ತಂಡದ ಭಾರ ಹೊರುವಷ್ಟು ಬೆಳೆಯಲು ಸುಮಾರು ಮೂರ್ನಾಲ್ಕು ವರ್ಷ ಹಿಡಿಯುತ್ತದೆ, ಡಿಫೆನ್ಸ್ ಹುಡುಗರಿಗೆ ಇನ್ನೂ ಹೆಚ್ಚು. 2023ರ ಸ್ಯಾನ್ ಹೋಸೆ ಮತ್ತೆ ಗೆಲ್ಲುವ ತಂಡವಾಗುವ ಹೊತ್ತಿಗೆ ಕಾರ್ಲ್‌ಸನ್‌ಗೆ ಮೂವತ್ತಾರೋ ಮೂವತ್ತೇಳೋ. ಅವರ ಆ ಅದ್ಭುತ ಸೀಸನ್ ಸೋಲಿನ ತಂಡದಲ್ಲಿ ಸುಮ್ಮನೆ ಸವೆದುಹೋಯಿತು ಅಂತ ನನಗೆ ಇವತ್ತಿಗೂ ಬೇಸರವಿದೆ. ತಾರೆಯ ಒಳ್ಳೆಯ ವರ್ಷಗಳೂ ತಂಡದ ಒಳ್ಳೆಯ ವರ್ಷಗಳೂ ಒಂದರ ಮೇಲೊಂದು ಕೂರದಿದ್ದರೆ, ಇಟ್ಟುಕೊಳ್ಳುವುದರಿಂದ ಇಬ್ಬರಿಗೂ ನಷ್ಟ. ಕೂತರೆ ಮಾತ್ರ ಏನು ಮಾಡಿಯಾದರೂ ಇಟ್ಟುಕೊಳ್ಳಬೇಕು. ಇಪ್ಪತ್ತೆರಡರ ತಾರೆಯನ್ನು ಸೋಲುವ ತಂಡ ಕೊಟ್ಟರೆ ನಾನು ಅನುಮಾನದಿಂದಲೇ ನೋಡುತ್ತೇನೆ.

ಯಾರಿಗೆ ಅವಸರ?

ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು ಇದು. ಸಾಲ ತೀರಿಸುವ ಗಡಿಬಿಡಿಯಲ್ಲಿರುವ ಬೆಳೆಗಾರ ಕೊಯ್ಲಾದ ವಾರವೇ ಚೀಲ ಮಾರುತ್ತಾನೆ. ಗೋದಾಮು ಇದ್ದವನು ದರಕ್ಕೆ ಕಾಯುತ್ತಾನೆ. ಎನ್‌ಎಚ್‌ಎಲ್‌ನಲ್ಲೂ ಅಷ್ಟೇ. ಕಾದು ಮಾರುವುದಕ್ಕೆ ಇದುವರೆಗಿನ ನನ್ನ ಅಚ್ಚುಮೆಚ್ಚಿನ ಉದಾಹರಣೆ ಆಗ ಕೊಲರಾಡೊ ಅವಲಾಂಚ್ ತಂಡದ ಜನರಲ್ ಮ್ಯಾನೇಜರ್ ಆಗಿದ್ದ ಜೋ ಸ್ಯಾಕಿಕ್.

2016-17ರಲ್ಲಿ ಕೊಲರಾಡೊ 82 ಪಂದ್ಯಗಳಲ್ಲಿ 22 ಗೆದ್ದು ಬರೀ 48 ಪಾಯಿಂಟ್ ಗಳಿಸಿತು. ಲೀಗಿನಲ್ಲೇ ಕಟ್ಟಕಡೆ. ಅಷ್ಟು ಸಾಲದು ಅನ್ನುವಂತೆ ಲಾಟರಿಯಲ್ಲೂ ಅದೃಷ್ಟ ಕೈಕೊಟ್ಟು ನಾಲ್ಕನೇ ಪಿಕ್‌ಗೆ ಜಾರಿತು. ತಂಡದ ತಾರೆ ಮ್ಯಾಟ್ ಡುಷೇನ್, 2009ರ ಡ್ರಾಫ್ಟ್‌ನ ಮೂರನೆಯವರು. ಅವರು ಬೇರೆ ಕಡೆ ಹೋಗಬಯಸಿದ್ದು ಊರಿಗೆಲ್ಲ ಗೊತ್ತು. ಸೀಸನ್ ನಡುವೆ ಟ್ರೇಡ್ ಮಾಡಲು ಕೊನೆಯ ದಿನವಾದ ಆ ಮಾರ್ಚ್‌ನ ಡೆಡ್‌ಲೈನ್ ಬಂತು, ಸ್ಯಾಕಿಕ್ ಕೊಡಲಿಲ್ಲ. ಜೂನ್‌ನ ಡ್ರಾಫ್ಟ್ ಬಂತು, ಕೊಡಲಿಲ್ಲ. ಬೇಸಿಗೆ ಮುಗಿದು ಹೊಸ ಸೀಸನ್ ಶುರುವಾದರೂ ಕೊಡಲಿಲ್ಲ. ಒಲ್ಲದ ಆಟಗಾರನನ್ನು ಹಿಡಿದಿಟ್ಟುಕೊಂಡು ದರ ಇಳಿಸಿಕೊಳ್ಳುತ್ತಿದ್ದಾರೆ ಅಂತ ಸುತ್ತಲೂ ಬೈಗುಳ. ಡುಷೇನ್ ಒಪ್ಪಂದದಲ್ಲಿ ಇನ್ನೂ ಎರಡು ಸೀಸನ್ ಇದ್ದವು ಅನ್ನುವುದನ್ನು ಬೈದವರು ಮರೆತಿದ್ದರು. ಆ ಎರಡು ವರ್ಷವೇ ಸ್ಯಾಕಿಕ್ ಅವರ ಗೋದಾಮು.

2017ರ ನವೆಂಬರ್ 5ರಂದು ಬ್ರೂಕ್ಲಿನ್‌ನಲ್ಲಿ ಕೊಲರಾಡೊ ಆಡುತ್ತಿತ್ತು. ಮೊದಲ ಪೀರಿಯಡ್ ನಡೆಯುತ್ತಿರುವಾಗಲೇ ಡುಷೇನ್ ಐಸ್ ಬಿಟ್ಟು ಒಳಗೆ ನಡೆದುಹೋದರು. ಪಂದ್ಯದ ನಡುವೆಯೇ ಟ್ರೇಡ್ ಆಗಿತ್ತು. ಮೂರು ತಂಡಗಳ ವ್ಯವಹಾರ: ಡುಷೇನ್ ನಮ್ಮ ಒಟ್ಟಾವಾಕ್ಕೆ, ನಮ್ಮ ಕೈಲ್ ಟುರಿಸ್ ನ್ಯಾಶ್‌ವಿಲ್‌ಗೆ, ಕೊಲರಾಡೊಗೆ ನಾಲ್ಕು ಆಟಗಾರರು, ಮೂರು ಪಿಕ್. ಅವಸರ ಇದ್ದದ್ದು ನಮಗೆ. ಕಪ್‌ನ ಹತ್ತಿರ ಹೋಗಿಬಂದ ತಂಡ, ಇನ್ನೊಂದು ಹೆಜ್ಜೆ ಸಾಕು ಅನ್ನುವ ಆಸೆ. ಆ ರಾತ್ರಿ ನಮ್ಮ ಮನೆಯಲ್ಲೂ ಸಂಭ್ರಮವೇ. ಐದು ದಿನ ಬಿಟ್ಟು ಸ್ಟಾಕ್‌ಹೋಮ್‌ನಲ್ಲಿ ಡುಷೇನ್ ನಮ್ಮ ಅಂಗಿ ತೊಟ್ಟು ಆಡಿದ ಮೊದಲ ಪಂದ್ಯ ಅದೇ ಕೊಲರಾಡೊ ವಿರುದ್ಧ. ಗೆದ್ದದ್ದು ನಾವು.

ಆಮೇಲೆ ಆದದ್ದನ್ನು ನೋಡಿ. ಒಟ್ಟಾವಾ ಕೊಟ್ಟ ಮೊದಲ ಸುತ್ತಿನ ಪಿಕ್‌ಗೆ ಒಂದು ಷರತ್ತಿತ್ತು: 2018ರ ಪಿಕ್ ಮೊದಲ ಹತ್ತರೊಳಗೆ ಬಂದರೆ ಒಟ್ಟಾವಾ ಅದನ್ನು ಉಳಿಸಿಕೊಂಡು 2019ರದ್ದನ್ನು ಕೊಡಬಹುದು. 2018ರಲ್ಲಿ ನಮಗೆ ನಾಲ್ಕನೇ ಪಿಕ್ ಸಿಕ್ಕಿತು. ಉಳಿಸಿಕೊಂಡು ಬ್ರೇಡಿ ಕಚಕ್ ಅವರನ್ನು ಆರಿಸಿದರು. ಹಾಗಾಗಿ ಕೊಲರಾಡೊಗೆ ಹೋದದ್ದು 2019ರ ಪಿಕ್. ಆ ವರ್ಷ ಒಟ್ಟಾವಾ ಲೀಗಿನಲ್ಲೇ ಕೊನೆ. ಮತ್ತೆ ನಾಲ್ಕನೇ ಸ್ಥಾನ, ಬೋವನ್ ಬೈರಮ್ ಎಂಬ ಡಿಫೆನ್ಸ್ ಹುಡುಗ. ಇತ್ತ ಡುಷೇನ್ ಒಟ್ಟಾವಾದಲ್ಲಿ ಉಳಿದದ್ದು ಒಂದೂಕಾಲು ವರ್ಷ ಅಷ್ಟೇ, 2019ರ ಫೆಬ್ರವರಿಯಲ್ಲಿ ಕೊಲಂಬಸ್‌ಗೆ ಹೋದರು. 48 ಪಾಯಿಂಟ್‌ನ ಆ ಕೊಲರಾಡೊ, ತಾರೆಯನ್ನು ಕೊಟ್ಟ ಅದೇ ಸೀಸನ್‌ನಲ್ಲಿ 95 ಪಾಯಿಂಟ್ ಗಳಿಸಿ ಪ್ಲೇಆಫ್ ಮುಟ್ಟಿತು. 2022ರಲ್ಲಿ ಸ್ಟ್ಯಾನ್ಲಿ ಕಪ್ ಎತ್ತಿತು. ಆ ತಂಡದಲ್ಲಿ ಬೈರಮ್ ಇದ್ದರು, ಡುಷೇನ್‌ಗೆ ಬದಲಾಗಿ ನ್ಯಾಶ್‌ವಿಲ್‌ನಿಂದ ಬಂದ ಸ್ಯಾಮ್ಯುಯೆಲ್ ಜಿರಾರ್ ಇದ್ದರು, ಮತ್ತು ಆ ದರಿದ್ರ ವರ್ಷದ ನಾಲ್ಕನೇ ಪಿಕ್‌ನಲ್ಲಿ ಸಿಕ್ಕ ಕೇಲ್ ಮಕಾರ್ ಇದ್ದರು. ಪ್ಲೇಆಫ್‌ನ ಅತ್ಯುತ್ತಮ ಆಟಗಾರನ ಪ್ರಶಸ್ತಿ ಮಕಾರ್ ಅವರದೇ.

ಆದ್ದರಿಂದ ಟ್ರೇಡ್ ನಡೆದ ತಾರೀಕು ನೋಡಿ. ಮಾರ್ಚ್‌ನ ಡೆಡ್‌ಲೈನ್‌ನಲ್ಲಿ ಕೊಳ್ಳುವವರು ಕಪ್‌ಗೆ ಹೊರಟ ಬಲಿಷ್ಠ ತಂಡಗಳು. ಅವರ ಪಿಕ್‌ಗಳು ಸುತ್ತಿನ ಕೊನೆಗೆ ಬರುವಂಥವು, ಕ್ಯಾಪ್‌ನಲ್ಲಿ ಜಾಗವೂ ಕಮ್ಮಿ. ಜೂನ್ ಜುಲೈನಲ್ಲಿ ಎಲ್ಲರ ಹತ್ತಿರ ಜಾಗ ಇರುತ್ತದೆ, ಕೊಳ್ಳುವವರು ಹೆಚ್ಚು. ಸೆಪ್ಟೆಂಬರ್‌ನಲ್ಲಿ, ಸೀಸನ್‌ಗೆ ಮುಂಚಿನ ತರಬೇತಿ ಕ್ಯಾಂಪ್ ಶುರುವಾಗುವ ಹೊಸ್ತಿಲಲ್ಲಿ, ಒಂದೇ ವರ್ಷ ಉಳಿದ ನಾಯಕನನ್ನು ಕೊಟ್ಟರೆ, ಅವಸರ ಕೊಟ್ಟವನದು. 2018ರ ಒಟ್ಟಾವಾ ಹಾಗೆಯೇ ಇತ್ತು. ಗಾಳಿ ಬಂದಾಗ ತೂರಿಕೊ ಅನ್ನುತ್ತಾರಲ್ಲ, ನಮ್ಮವರು ಗಾಳಿ ನಿಂತ ಮೇಲೆ ಮೊರ ಹಿಡಿದರು.

ಬಂದದ್ದನ್ನು ಮೂರು ರಾಶಿ ಮಾಡಿ

ಬದಲಿಗೆ ಬಂದ ಹೆಸರುಗಳ ಪಟ್ಟಿ ಉದ್ದ ಇದ್ದರೆ ಮೋಸಹೋಗುವುದು ಸುಲಭ. ಇವತ್ತೇ ಆಡುವವರು ಒಂದು ರಾಶಿ, ಪ್ರಾಸ್ಪೆಕ್ಟ್ ಅನ್ನಿಸಿಕೊಂಡ ಬೆಳೆಯುವ ಹುಡುಗರು ಇನ್ನೊಂದು, ಪಿಕ್‌ಗಳು ಮೂರನೆಯದು. ಸೋಲುವ ತಂಡ ತನ್ನ ತಾರೆಗೆ ಬದಲಾಗಿ ಮೊದಲ ರಾಶಿಯನ್ನೇ ಹೆಚ್ಚು ತೆಗೆದುಕೊಂಡರೆ ಅದಕ್ಕೆ ತಾನು ಎತ್ತ ಹೊರಟಿದ್ದೇನೆ ಅಂತ ಗೊತ್ತಿಲ್ಲ.

ಪಿಕ್ ಬಂದರೆ ಮೂರು ಪ್ರಶ್ನೆ ಕೇಳಿ: ಯಾರ ಪಿಕ್, ಯಾವ ವರ್ಷದ್ದು, ರಕ್ಷಣೆಯ ಷರತ್ತೇನು (ಮೇಲೆ ಹೇಳಿದ ಮೊದಲ ಹತ್ತರ ಷರತ್ತಿನಂಥದ್ದು). ಕೊಟ್ಟ ತಂಡ ಅಷ್ಟರೊಳಗೆ ಕುಸಿಯುವ ಸಂಭವ ಇದ್ದರೆ ಆ ಪಿಕ್‌ನ ಬೆಲೆ ಇವತ್ತು ಕಾಣುವುದಕ್ಕಿಂತ ಹೆಚ್ಚು. ವಯಸ್ಸಾದ ತಾರೆಗಳು, ಉದ್ದುದ್ದ ಒಪ್ಪಂದಗಳು, ಖಾಲಿಯಾದ ಹುಡುಗರ ಸಾಲು ಇವು ಕುಸಿತದ ಗುರುತು.

2018ರಲ್ಲಿ ಕಾರ್ಲ್‌ಸನ್‌ಗೆ ಬದಲಾಗಿ ಬಂದವರು ಕ್ರಿಸ್ ಟಿಯರ್ನಿ, ಡಿಲನ್ ಡಿಮೆಲೊ, ಜಾಶ್ ನಾರಿಸ್, ರೂಡಾಲ್ಫ್ಸ್ ಬಾಲ್ಸರ್ಸ್. ಜೊತೆಗೆ ಪಿಕ್‌ಗಳು. ಆಫೀಸಿನ ಊಟದ ಕೋಣೆಯಲ್ಲಿ ಆ ಹೆಸರುಗಳನ್ನು ಓದಿದಾಗ ಯಾರೂ ಮಾತಾಡಲಿಲ್ಲ. ಇಷ್ಟಕ್ಕೇ ಕೊಟ್ಟರಾ ಅನ್ನುವ ಮುಖಗಳು. ಪಟ್ಟಿಯ ಕೊನೆಯಲ್ಲಿ ಸ್ಯಾನ್ ಹೋಸೆಯ ಮೊದಲ ಸುತ್ತಿನ ಪಿಕ್ ಇತ್ತು. ಶಾರ್ಕ್ಸ್ 2019ರಲ್ಲಿ ಪ್ಲೇಆಫ್ ಮುಟ್ಟಿದರೆ ಅದು 2020ಕ್ಕೆ ಹೋಗುತ್ತದೆ ಅನ್ನುವ ಷರತ್ತು. ಬಲಿಷ್ಠ ತಂಡದ ಪಿಕ್ ತಾನೇ, ಇಪ್ಪತ್ತೆಂಟನೆಯದೋ ಇಪ್ಪತ್ತೊಂಬತ್ತನೆಯದೋ ಆದೀತು ಅಂತ ನಾನೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಶಾರ್ಕ್ಸ್ 2019ರಲ್ಲಿ ಲೀಗಿನ ಪಶ್ಚಿಮ ವಿಭಾಗದ ಫೈನಲ್ ತನಕ ಹೋಯಿತು, ಪಿಕ್ 2020ಕ್ಕೆ ಸರಿಯಿತು. ಆಮೇಲೆ ಒಂದೇ ವರ್ಷದಲ್ಲಿ ಅದೇ ಶಾರ್ಕ್ಸ್ ಪಶ್ಚಿಮದ ಕಟ್ಟಕಡೆಗೆ ಬಿತ್ತು. ಕೊನೆಯ ಸಾಲಿನ ಆ ಪಿಕ್ ಮೂರನೆಯದಾಯಿತು.

2020ರ ಅಕ್ಟೋಬರ್ 6ರ ಸಂಜೆ, ಕೋವಿಡ್ ಕಾಲದ ಡ್ರಾಫ್ಟ್, ಎಲ್ಲರೂ ಅವರವರ ಮನೆಯಲ್ಲಿ. ಒಟ್ಟಾವಾದ ಸರದಿ ಬಂದಾಗ ಪರದೆಯ ಮೇಲೆ ಕಾಣಿಸಿದ್ದು ಜೆಪರ್ಡಿ ಕಾರ್ಯಕ್ರಮದ ಅಲೆಕ್ಸ್ ಟ್ರೆಬೆಕ್, ಇಲ್ಲಿಯ ಒಟ್ಟಾವಾ ವಿಶ್ವವಿದ್ಯಾಲಯದಲ್ಲಿ ಓದಿದವರು. ಕಾಯಿಲೆ ಅವರನ್ನು ಹಣ್ಣು ಮಾಡಿತ್ತು, ದನಿ ಮಾತ್ರ ಅದೇ. ತಮ್ಮ ಕಾರ್ಯಕ್ರಮದ ಧಾಟಿಯಲ್ಲೇ ಜರ್ಮನಿಯ ಟಿಮ್ ಸ್ಟುಟ್ಸ್ಲ ಹೆಸರು ಹೇಳಿದರು. ತಿಂಗಳೊಪ್ಪತ್ತಿನಲ್ಲಿ ಅವರು ತೀರಿಕೊಂಡರು. ಮಗಳು ಸೋಫಾದ ಮೇಲೆ ಮಂಡಿಯೂರಿ ಕೂತು ನೋಡುತ್ತಿದ್ದಳು. "ಇವನು ಕಾರ್ಲ್‌ಸನ್ ಬದಲು ಬಂದೋನಾ?" ಅಂದಳು. ಹೌದು ಅಂದೆ. ಎರಡು ವರ್ಷ ಬಾಕಿ ಇದ್ದ ಉತ್ತರ ಅದು. ಸ್ಟುಟ್ಸ್ಲ 2022-23ರಲ್ಲಿ 39 ಗೋಲು, 90 ಪಾಯಿಂಟ್ ಗಳಿಸಿದರು.

ಪಟ್ಟಿಯಲ್ಲಿ ಎಲ್ಲೂ ಬರೆಯದ ಇನ್ನೊಂದು ಗಳಿಕೆ ಇದೆ. ತಾರೆಯನ್ನು ಕೊಟ್ಟ ತಂಡ ಇನ್ನಷ್ಟು ಸೋಲುತ್ತದೆ, ಆಗ ಅದರ ಸ್ವಂತ ಪಿಕ್ ಮೇಲಕ್ಕೆ ಏರುತ್ತದೆ. 2020ರಲ್ಲಿ ಒಟ್ಟಾವಾದ ಸ್ವಂತ ಪಿಕ್ ಐದನೆಯದು. ಅದರಲ್ಲಿ ಸಿಕ್ಕವರು ಜೇಕ್ ಸ್ಯಾಂಡರ್‌ಸನ್. ಕಾರ್ಲ್‌ಸನ್ ಅವರನ್ನು ಕೊಟ್ಟ ಸ್ಯಾನ್ ಹೋಸೆ 2023-24ರಲ್ಲಿ 47 ಪಾಯಿಂಟ್‌ನೊಂದಿಗೆ ಕೊನೆಯಾಯಿತು. ಲಾಟರಿಯಲ್ಲಿ ಮೊದಲ ಪಿಕ್ ಸಿಗುವ ಸಾಧ್ಯತೆ ನೂರಕ್ಕೆ 25.5. ಸಿಕ್ಕಿಯೇ ಬಿಟ್ಟಿತು, ಮ್ಯಾಕ್ಲಿನ್ ಸೆಲೆಬ್ರೀನಿ ಬಂದರು. ಟಿಕೆಟ್ ಕೊಂಡು ಬರುವ ಜನರಿಗೆ ಇದು ಅನ್ಯಾಯ ಅಂತ ನನಗೆ ಖಂಡಿತ ಅನ್ನಿಸುತ್ತದೆ. ಆದರೆ ನಿಯಮ ಹೀಗಿರುವ ತನಕ ಮ್ಯಾನೇಜರುಗಳು ಈ ಲೆಕ್ಕ ಹಾಕಿಯೇ ಹಾಕುತ್ತಾರೆ, ನೀವೂ ಹಾಕಬೇಕು.

ಕಾರಣವೇ ಇಲ್ಲದ ಟ್ರೇಡ್

ಕೆಲವೊಮ್ಮೆ ಒಪ್ಪಂದ, ವಯಸ್ಸು ಎರಡೂ ನೋಡಿದರೂ ಕಾರಣ ಕಾಣುವುದಿಲ್ಲ. ಆಗ ಅದು ಗಾಬರಿಯ ಟ್ರೇಡ್ ಇರಬಹುದು. 2005ರ ನವೆಂಬರ್ 30ರಂದು ಬಾಸ್ಟನ್ ಬ್ರೂಯಿನ್ಸ್ ಸೋಲಿನ ಸರಣಿಯಲ್ಲಿತ್ತು. ನಾಯಕ ಜೋ ಥಾರ್ನ್‌ಟನ್‌ಗೆ 26 ವರ್ಷ, ಮೂರು ವರ್ಷದ ಹೊಸ ಒಪ್ಪಂದಕ್ಕೆ ಸಹಿ ಹಾಕಿ ನಾಲ್ಕು ತಿಂಗಳೂ ಆಗಿರಲಿಲ್ಲ. 23 ಪಂದ್ಯಗಳಲ್ಲಿ 33 ಪಾಯಿಂಟ್ ಗಳಿಸಿದ್ದರು. ಗಡುವಿಲ್ಲ, ವಯಸ್ಸಿನ ಚಿಂತೆಯಿಲ್ಲ. ಸ್ಯಾನ್ ಹೋಸೆಗೆ ಕೊಟ್ಟು ಮಾರ್ಕೊ ಸ್ಟರ್ಮ್, ಬ್ರಾಡ್ ಸ್ಟುವರ್ಟ್, ವೇಯ್ನ್ ಪ್ರಿಮೊ ಅವರನ್ನು ತಂದರು. ಮೂವರೂ ಇವತ್ತಿನ ಆಟಗಾರರು, ಒಂದು ಪಿಕ್ ಕೂಡ ಇಲ್ಲ. ಥಾರ್ನ್‌ಟನ್ ಆ ಸೀಸನ್‌ನಲ್ಲೇ ಒಟ್ಟು 125 ಪಾಯಿಂಟ್ ಗಳಿಸಿ ಲೀಗಿನ ಅತಿ ಬೆಲೆಬಾಳುವ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ ಗೆದ್ದರು. ಟ್ರೇಡ್ ಮಾಡಿದ ಜನರಲ್ ಮ್ಯಾನೇಜರ್ ಮಾರ್ಚ್‌ನಲ್ಲಿ ಕೆಲಸ ಕಳೆದುಕೊಂಡರು.

ಇಂಥ ಗಾಬರಿ ಹಿಡಿಯಲು ಸುಲಭದ ಒಂದು ಪರೀಕ್ಷೆ ಇದೆ. ತಂಡ ಹೊಡೆದ ಶಾಟ್‌ಗಳಲ್ಲಿ ನೂರಕ್ಕೆ ಎಷ್ಟು ಗೋಲಾದವು, ಎದುರಾಳಿಯ ಶಾಟ್‌ಗಳಲ್ಲಿ ನೂರಕ್ಕೆ ಎಷ್ಟನ್ನು ನಮ್ಮ ಗೋಲ್‌ಕೀಪರ್ ತಡೆದರು, ಎರಡನ್ನೂ ಕೂಡಿಸಿ. ಇದನ್ನು ಪಿಡಿಒ ಅನ್ನುತ್ತಾರೆ. ಕಾಲ ಕಳೆದಂತೆ ಹೆಚ್ಚಿನ ತಂಡಗಳದ್ದು ನೂರರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಇಪ್ಪತ್ತು ಪಂದ್ಯದ ನಂತರ ತೊಂಬತ್ತಾರು, ತೊಂಬತ್ತೇಳು ಇದ್ದರೆ ಸೋಲಿನಲ್ಲಿ ದುರದೃಷ್ಟದ ಪಾಲು ದೊಡ್ಡದು. ಅಂಥ ಹೊತ್ತಿನಲ್ಲಿ ತಾರೆಯನ್ನು ಕೊಡುವುದು ಮಳೆ ಒಂದು ವಾರ ತಡವಾಯಿತು ಅಂತ ಗದ್ದೆ ಮಾರಿದ ಹಾಗೆ.

ಆದರೂ ಬಾಸ್ಟನ್ ಕಥೆ ಅಲ್ಲಿಗೆ ಮುಗಿಯಲಿಲ್ಲ. ಥಾರ್ನ್‌ಟನ್ ಸಂಬಳ ಹೋಗಿ ಕ್ಯಾಪ್‌ನಲ್ಲಿ ಜಾಗ ಆಗಿತ್ತು. 2006ರ ಜುಲೈ 1ರಂದು ಐದು ವರ್ಷಕ್ಕೆ 37.5 ಮಿಲಿಯನ್ ಕೊಟ್ಟು ಜ್ಡೇನೊ ಚಾರಾ ಅವರನ್ನು ತಂದರು. ಟ್ರೇಡ್‌ನಲ್ಲಿ ಬಂದ ಸ್ಟುವರ್ಟ್ ಮತ್ತು ಪ್ರಿಮೊ ಅವರನ್ನು ಕ್ಯಾಲ್ಗರಿಗೆ ಕೊಟ್ಟು ಆಂಡ್ರ್ಯೂ ಫೆರೆನ್ಸ್ ಸೇರಿ ಇಬ್ಬರನ್ನು ಪಡೆದರು. 2011ರಲ್ಲಿ ಬಾಸ್ಟನ್ ಕಪ್ ಗೆದ್ದಾಗ ಚಾರಾ ನಾಯಕ, ಫೆರೆನ್ಸ್ ಡಿಫೆನ್ಸ್‌ನಲ್ಲಿ. ಥಾರ್ನ್‌ಟನ್ ಕೊನೆವರೆಗೂ ಕಪ್ ಎತ್ತಲಿಲ್ಲ. ಇದರಿಂದ ಆ ಟ್ರೇಡ್ ಸರಿಯಾಗಿತ್ತು ಅಂತ ನಾನು ಒಪ್ಪುವುದಿಲ್ಲ. ಖಾಲಿಯಾದ ಜಾಗವನ್ನು ಆಮೇಲೆ ಬಂದವರು ಚೆನ್ನಾಗಿ ಬಳಸಿದರು, ಅಷ್ಟೇ. ಟ್ರೇಡ್ ಒಂದು, ಅದರಿಂದ ಆದ ಜಾಗದ ಬಳಕೆ ಇನ್ನೊಂದು. ತೀರ್ಪು ಬೇರೆ ಬೇರೆ ಕೊಡಿ.

ಸರಿಯಾದ ಕಾರಣಕ್ಕೆ ಕೊಟ್ಟರೂ ಕೈಗೆ ಹತ್ತದೆ ಹೋಗಬಹುದು. 2019ರ ಫೆಬ್ರವರಿಯಲ್ಲಿ ಒಟ್ಟಾವಾ ಅದೇ ಲೆಕ್ಕ ಹಾಕಿ, ಒಪ್ಪಂದ ಮುಗಿಯುತ್ತಿದ್ದ ಮಾರ್ಕ್ ಸ್ಟೋನ್ ಅವರನ್ನು ವೇಗಸ್‌ಗೆ ಕೊಟ್ಟಿತು. ಬದಲಿಗೆ ಬಂದ ಮುಖ್ಯ ಹುಡುಗ ಎರಿಕ್ ಬ್ರಾನ್‌ಸ್ಟ್ರೋಮ್, 2017ರ ಡ್ರಾಫ್ಟ್‌ನ 15ನೆಯವರು. ನಾವೆಲ್ಲ ತುಂಬಾ ಆಸೆ ಇಟ್ಟಿದ್ದೆವು. ಅವರು ಅಷ್ಟು ದೊಡ್ಡ ಆಟಗಾರರಾಗಲಿಲ್ಲ. ಸ್ಟೋನ್ ವೇಗಸ್‌ನ ನಾಯಕರಾಗಿ 2023ರಲ್ಲಿ ಕಪ್ ಎತ್ತಿದರು. ಆ ರಾತ್ರಿ ನಾನು ಟಿವಿ ಆರಿಸಿ ಸುಮ್ಮನೆ ಕೂತಿದ್ದೆ.

ಹಾಗಾಗಿ ಟ್ರೇಡ್ ಆದ ದಿನ ನೀವು ತೂಗಬೇಕಾದದ್ದು ಕಾರಣವನ್ನು: ಒಪ್ಪಂದ, ವಯಸ್ಸು, ಅವಸರ ಯಾರದು, ಪಿಕ್ ಯಾರದು. ಫಲವನ್ನು ತೂಗಲು ಐದು ವರ್ಷವಾದರೂ ಬಿಡಿ. ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಪ್ರತಿ ದೊಡ್ಡ ಟ್ರೇಡ್‌ಗೂ ಎಡಪುಟದಲ್ಲಿ ಅವತ್ತಿನ ಕಾರಣ ಬರೆದು ಬಲಪುಟ ಖಾಲಿ ಬಿಡುತ್ತೇನೆ. ಆಮೇಲೆ ಆದದ್ದನ್ನು ಅಲ್ಲಿ ತುಂಬುತ್ತೇನೆ. ಒಂದು ಸಾಲಿನಲ್ಲಿ ಅವತ್ತಿನ ನಿಮ್ಮ ಅನಿಸಿಕೆಯನ್ನೂ ಬರೆದಿಡಿ, ಮಕ್ಕಳ ಕೈಲೂ ಬರೆಸಿ. 2018ರ ಸೆಪ್ಟೆಂಬರ್ 13ರ ಎಡಪುಟದಲ್ಲಿ ಮಗಳು ದೊಡ್ಡ ಅಕ್ಷರದಲ್ಲಿ "ಅನ್ಯಾಯ" ಅಂತ ಬರೆದಿದ್ದಾಳೆ.

ಬಲಪುಟ ತುಂಬಿದ್ದು 2025ರ ಏಪ್ರಿಲ್‌ನಲ್ಲಿ. 2017ರ ನಂತರ ಮೊದಲ ಸಲ ಒಟ್ಟಾವಾ ಪ್ಲೇಆಫ್ ಮುಟ್ಟಿತ್ತು, ಎದುರಿಗೆ ಟೊರಾಂಟೊ. ಮೊದಲ ಮೂರೂ ಪಂದ್ಯ ಸೋತಾಗಿತ್ತು. ನಾಲ್ಕನೆಯದಕ್ಕೆ ಕನಾಟಾದ ಅರೀನಾದಲ್ಲಿ ಮಗಳ ಜೊತೆ ಮೇಲಿನ ಸಾಲಿನಲ್ಲಿ ಕೂತಿದ್ದೆ. ಅವಳಿಗೀಗ 65 ಚಿಕ್ಕದಾಗಿದೆ, ತೊಟ್ಟದ್ದು ಸ್ಟುಟ್ಸ್ಲ ಅವರ 18. ಓವರ್‌ಟೈಮ್ ಮುಗಿಯಲು ಎರಡು ಮೂರು ನಿಮಿಷ ಇರುವಾಗ ಸ್ಯಾಂಡರ್‌ಸನ್ ಬಾರಿಸಿದ ಪಕ್ ಬಲೆಗೆ ಬಿತ್ತು, ನಾಲ್ಕು-ಮೂರು. ಸರಣಿ ಆರನೇ ಪಂದ್ಯದಲ್ಲಿ ಕೈಬಿಟ್ಟಿತು. ಮನೆಗೆ ಬಂದು ಮಗಳು ನೋಟ್‌ಬುಕ್ ತೆಗೆದು "ಅನ್ಯಾಯ"ದ ಎದುರು ಪುಟದಲ್ಲಿ 3 ಮತ್ತು 5 ಅಂತ ಎರಡು ಪಿಕ್ ನಂಬರ್ ಬರೆದಳು. ಎಡಪುಟದ ಮಾತನ್ನು ಹೊಡೆದುಹಾಕಲಿಲ್ಲ.